ಗರಡಿಯ ಗಿಡ್ಡ ಬಾಗಿಲು

ಕುಳಿತ ಮನುಷ್ಯ ಎದ್ದು ನಿಲ್ಲುವಾಗ ಅವನಿಂದ ಹೊರಡುವ ಸದ್ದನ್ನು ನೀವು ಎಂದಾದರೂ ಮನಸ್ಸಿಟ್ಟು ಕೇಳಿದ್ದೀರಾ? ಕೇಳಿರಲಿಕ್ಕಿಲ್ಲ, ಅಷ್ಟು ಪುರುಸೊತ್ತು ಇರುವವನು ಈ ಸೀಮೆಯಲ್ಲಿ ನಾನೊಬ್ಬನೇ ಎಂದು ನಮ್ಮ ಗೌರತ್ತೆ ಎಂದೋ ತೀರ್ಪು ಕೊಟ್ಟುಬಿಟ್ಟಿದ್ದಾಳೆ. ಆದರೂ ನನ್ನ ದೃಢವಾದ ನಂಬಿಕೆಯೆಂದರೆ, ಮನುಷ್ಯನ ಗುಣ, ವೃತ್ತಿ, ಅಂತಸ್ತು, ಕೊನೆಗೆ ಅವನು ಹಿಂದಿನ ದಿನ ಉಂಡದ್ದು ಕೂಡ ಆ ಒಂದು ಸದ್ದಿನಲ್ಲಿ ಅಡಗಿರುತ್ತದೆ. ನಮ್ಮ ಬೈಲಹೊಂಗಲದ ಕುಲಕರ್ಣಿಯವರು ಏಳುವ ಮುಂಚೆ ಕೆಮ್ಮಿ ಗಂಟಲು ಸರಿಪಡಿಸಿಕೊಳ್ಳುತ್ತಾರೆ, ಏಳುವುದೂ ಒಂದು ಸರಕಾರಿ ಹುಕುಮು ಎಂಬಂತೆ. ಕನ್ನಡ ಸಾಲೆಯ ಗೋವಿಂದ ಮಾಸ್ತರರು ಗಂಟೆ ಬಾರಿಸಿದಂತೆ ಟಣ್ಣನೆ ಎದ್ದುಬಿಡುತ್ತಾರೆ. ಅಲ್ಲಿ ಸದ್ದು ಮಾಡುವುದು ಬಾಯಲ್ಲ, ಮೊಣಕಾಲು. ನಮ್ಮ ಗೌರತ್ತೆ ಏಳುವಾಗ ಯಾರನ್ನಾದರೂ ಬೈಯಲೇಬೇಕು; ಬೈಗುಳದ ಬಲದಿಂದಲೇ ಅವಳ ನಡು ನೆಟ್ಟಗಾಗುವುದು. ಬೈಸಿಕೊಳ್ಳಲು ನಾನು ಮನೆಯಲ್ಲಿಲ್ಲದ ದಿನ ಅವಳು ಗೋಡೆ ಹಿಡಿದು ಏಳುತ್ತಾಳಂತೆ.

ಇವರೆಲ್ಲರಿಗೆ ಚಕ್ರವರ್ತಿಗಳು ಅರಳೆ ವ್ಯಾಪಾರದ ಚನಬಸಪ್ಪ ಶೆಟ್ಟರು. ಲೋಡಿಗೆ ಒರಗಿದ ಆ ಸ್ಥೂಲಕಾಯವು ಗಾದಿಯನ್ನಗಲಿ ಮೇಲೇಳುವಾಗ, ಅರ್ಧಕ್ಕೆ ಬಂದಲ್ಲಿ ಒಂದು ‘ಶಿವ’, ಪೂರ್ತಿ ನಿಂತ ಮೇಲೆ ಇನ್ನೊಂದು ‘ಶಿವಾ’. ಮೊದಲನೆಯ ಶಿವನಿಂದ ಎರಡನೆಯ ಶಿವನವರೆಗಿನ ಪ್ರಯಾಣ ಮುಗಿಯುವಷ್ಟರಲ್ಲಿ ಅಂಗಡಿಗೆ ಬಂದ ಗಿರಾಕಿ ಎಲೆ ಅಡಿಕೆ ಮೆದ್ದು, ಉಗುಳಿ, ಬಾಯಿ ಮುಕ್ಕಳಿಸಿ ಬರಬಹುದು. ಎಡಬಲದಲ್ಲಿ ಆಳುಗಳಿಬ್ಬರು ಕಂಕುಳಲ್ಲಿ ಕೈಕೊಟ್ಟು ನಿಂತಿರುತ್ತಾರೆ. ಕೆರೆಯ ಏರಿಗೆ ಕಲ್ಲು ಸಾಗಿಸುವವರ ಮುಖದಲ್ಲಿರುವ ಗಾಂಭೀರ್ಯವೇ ಅವರ ಮುಖದಲ್ಲಿ.

ಈ ಸದ್ದುಗಳೇ ನನ್ನ ಆಸ್ತಿ. ರಾಚಪ್ಪನೆಂಬ ನನ್ನ ಒಳ್ಳೆಯ ಹೆಸರನ್ನು ನಾಲ್ಕೂರಿನವರು ಕೂಡಿ ‘ನಕಲಿ ರಾಚ್ಯಾ’ ಎಂದು ತಿದ್ದಿದ್ದಾರೆ. ಕಿತ್ತೂರಿನಲ್ಲಿ ಸೀಮಂತವಾಗಲಿ, ಸವದತ್ತಿಯಲ್ಲಿ ನಿಶ್ಚಯವಾಗಲಿ, ರಾಮದುರ್ಗದಲ್ಲಿ ಮದುವೆಯಾಗಲಿ, ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂತೆಂದರೆ ಅದರ ಹಿಂದೆಯೇ ನನಗೂ ಕರೆ ಬರುತ್ತದೆ. ಶೆಟ್ಟರು ಏಳುವುದನ್ನು ನಾನು ಮಾಡಿ ತೋರಿಸಿದರೆ ಅವರನ್ನು ಎಂದೂ ಕಾಣದ ಊರಿನ ಹೆಂಗಸರು ಕೂಡ ಕಣ್ಣೊರೆಸಿಕೊಂಡು ನಗುತ್ತಾರೆ. ನನ್ನ ಶರೀರವೋ ಒಣಗಿದ ಜೋಳದ ದಂಟು. ಆ ದಂಟಿನಲ್ಲಿ ಶೆಟ್ಟರಂಥ ಕಾಳು ತುಂಬಿದ ಗುಮ್ಮಿಯನ್ನು ತೋರಿಸುವುದೆಂದರೆ ಸಾಮಾನ್ಯ ವಿದ್ಯೆಯಲ್ಲವೆಂದು ನಾನೇ ಹೇಳಿಕೊಳ್ಳಬೇಕಾಗಿದೆ, ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ. ಪೈಲವಾನರ ನಕಲು ಮಾಡಿದರೆ ಮಾತ್ರ ಜನ ನಗುವುದಿಲ್ಲ, ಕನಿಕರಪಟ್ಟು ಇನ್ನೊಂದು ರೊಟ್ಟಿ ತಂದಿಡುತ್ತಾರೆ.

ಹೀಗೆ ಸುಖವಾಗಿದ್ದ ನನ್ನ ಬಾಳಿನಲ್ಲಿ ವ್ಯಾಯಾಮವೆಂಬುದು ಪ್ರವೇಶಿಸಿದ್ದು ಗೋವಿಂದ ಮಾಸ್ತರರ ದೆಸೆಯಿಂದ. ಅವರು ಒಂದು ರಜೆಯಲ್ಲಿ ಪುಣೆಗೆ ಹೋಗಿ ಬಂದರು. ಪುಣೆಗೆ ಹೋದವರು ಪಗಡಿ ತರುತ್ತಾರೆ, ನಶ್ಯ ತರುತ್ತಾರೆ. ಇವರು ‘ಶರೀರ ಸಂವರ್ಧನೆ’ ಎಂಬ ಶಬ್ದವನ್ನು ತಂದರು. ಬಲವೆಂಬುದು ಪೈಲವಾನರ ಮನೆಯ ಸೊತ್ತಲ್ಲ, ಆಬಾಲವೃದ್ಧರಾದಿಯಾಗಿ ಸಮಸ್ತ ಸಮಾಜವೂ ಅಂಗಸಾಧನೆ ಮಾಡಬೇಕು ಎಂಬುದು ಅದರ ತಾತ್ಪರ್ಯ. ವಿಚಾರ ದೊಡ್ಡದು. ಆದರೆ ಮಾಸ್ತರರು ಬಾಯಿ ತೆರೆದರೆ ಎದುರಿಗಿದ್ದವರೆಲ್ಲ ತಾವು ಮತ್ತೆ ಮೂರನೆಯ ಇಯತ್ತೆಯಲ್ಲಿದ್ದೇವೆಂದು ಬಗೆದು ಮೆಲ್ಲನೆ ಹಿಂಬಾಗಿಲಿನಿಂದ ಜಾರುವ ಪದ್ಧತಿಯಿತ್ತು. ಅದಕ್ಕಾಗಿ ಜನ ಕೂಡಿಸಲು ನಾನು ಬೇಕಾದೆ. ಮೊದಲು ನನ್ನ ನಕಲು, ಆಮೇಲೆ ಅವರ ಭಾಷಣ. ಮಗುವಿಗೆ ಬೆಲ್ಲ ತೋರಿಸಿ ಕಷಾಯ ಕುಡಿಸುವ ಯುಕ್ತಿ.

ಊರೂರು ತಿರುಗಿದೆವು. ಕಿತ್ತೂರಿನ ಕೋಟೆಯ ಬಿದ್ದ ಗೋಡೆಯ ನೆರಳಿನಲ್ಲಿ ಮಾಸ್ತರರು ಬಸ್ಕಿಯ ಮಹಿಮೆಯನ್ನು ವರ್ಣಿಸುತ್ತಿದ್ದಾಗ, ಹೊಲದಿಂದ ಬಂದು ಹೆಗಲ ಮೇಲಿನ ಕುಂಟೆಯನ್ನು ಇನ್ನೂ ಇಳಿಸಿರದ ಒಬ್ಬ ಒಕ್ಕಲಿಗ ಬಹಳ ವಿನಯದಿಂದ ಕೇಳಿದ: “ಮಾಸ್ತರ್ರ, ಈ ಬಗ್ಗೂದು ಏಳೂದು ಹೊಲದಾಗ ಮಾಡಿದ್ರ ನಡೀತೈತೇನ್ರಿ? ಹಂಗಿದ್ರ ನಾಳೆ ಕಸಾ ತಗಿಯೂದೈತಿ. ನೀವೂ ಬರ್ರಿ, ಇಬ್ಬರೂ ಕೂಡೇ ಗಟ್ಟಿ ಆಗೂಣು.” ಸವದತ್ತಿಯಲ್ಲಿ, ದಿನಾ ಗುಡ್ಡ ಹತ್ತಿ ಇಳಿದು ಹೂ ಮಾರುವ ಮುದುಕಿ, ಕಾಲಿಗೆ ಕಸುವು ಬರುವ ಉಪಾಯವನ್ನು ಕೇಳಿ ಮುಗಿಸಿ, “ಬಂದ ಕಸುವು ಹೋಗೂದಕ್ಕ ಏನರ ಉಪಾಯ ಇದ್ರ ಹೇಳಪ್ಪಾ, ಕಾಲು ರಾತ್ರಿ ಸುಮ್ಮನ ಮಲಗವಲ್ಲವು” ಎಂದಳು. ರಾಮದುರ್ಗದ ನೇಕಾರನಂತೂ ಕುಣಿಮಗ್ಗದಿಂದ ಮೇಲೇಳಲೇ ಇಲ್ಲ. ಕಾಲಲ್ಲಿ ಹಲಗೆ ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುತ್ತ, “ಈ ಲಾಳಿ ಜೋಡಿ ನನ್ನ ಕೈ ದಿನಾ ಧಾರವಾಡಕ್ಕ ಹೋಗಿ ಬರತೈತ್ರಿ. ನಾ ಮಾತ್ರ ಇನ್ನೂ ಆ ಊರು ನೋಡಿಲ್ಲ” ಎಂದ.

ಹಿಂದಿರುಗುವ ಚಕ್ಕಡಿ ಮಲಪ್ರಭೆ ದಾಟಿದ ಮೇಲೆ ಮಾಸ್ತರರಿಗೆ ಜ್ಞಾನೋದಯವಾಯಿತು. ಹಸಿದವನನ್ನು ಬಿಟ್ಟು ಉಂಡವನಿಗೆ ಬಡಿಸುತ್ತ ತಿರುಗಿದ್ದೆವು ನಾವು. ಬಗ್ಗಬೇಕಾದವರು ಹೊಲದಲ್ಲಿರಲಿಲ್ಲ, ಬೈಲಹೊಂಗಲದ ಪೇಟೆಯಲ್ಲಿ, ಅಂಗಡಿ ಅಂಗಡಿಗೆ ಒಬ್ಬೊಬ್ಬರಂತೆ, ಲೋಡಿಗೆ ಒರಗಿ ಕೂತಿದ್ದರು.

ನಮ್ಮೂರಲ್ಲಿ ಅಂಗಸಾಧನೆಗೆ ಸ್ಥಳವೆಂದರೆ ಒಂದೇ, ಕುಸ್ತಿ ಕಲಿಸುವ ಇಮಾಮ ವಸ್ತಾದರ ಗರಡಿ. ಗರಡಿಯನ್ನು ಕಾಣದವರಿಗಾಗಿ ಹೇಳುತ್ತೇನೆ: ನಾಲ್ಕು ದಪ್ಪ ಮಣ್ಣಿನ ಗೋಡೆ, ಕಿಟಕಿಯಿಲ್ಲ, ಮೇಲೆ ಮಾಳಿಗೆಗೊಂದು ಬೆಳಕಿಂಡಿ, ಗೂಡಿನಲ್ಲಿ ಹನುಮಪ್ಪ, ನಡುವೆ ಎಣ್ಣೆ, ಮಜ್ಜಿಗೆ, ಅರಿಶಿನ ಕುಡಿದು ಕುಡಿದು ಬೆಣ್ಣೆಯಾದ ಕೆಮ್ಮಣ್ಣು. ಮತ್ತು ಒಂದು ಬಾಗಿಲು. ಬಾಗಿಲೆಂದರೆ ಬಾಗಿಲೇ ಅಲ್ಲ, ಗೋಡೆಗೊಂದು ಕಿವಿ ಚುಚ್ಚಿದ ಹಾಗೆ. ಎಂಥ ಗಂಡಸಾದರೂ ನಡು ಮಡಚಿ, ತಲೆ ತಗ್ಗಿಸಿ, ಭುಜವನ್ನು ಓರೆ ಮಾಡಿಯೇ ಒಳಗೆ ಹೋಗಬೇಕು. ಹನುಮಪ್ಪನ ಮುಂದೆ ಬಗ್ಗದವನಿಗೆ ಮಣ್ಣು ಒಲಿಯುವುದಿಲ್ಲ ಎಂಬುದು ಒಂದು ಕಾರಣ. ದೊಡ್ಡ ಬಾಗಿಲಿಟ್ಟರೆ ಗಾಳಿ ನುಗ್ಗಿ ಮಣ್ಣು ಆರಿ ಇಟ್ಟಂಗಿಯಾಗುತ್ತದೆ, ಅದರ ಮೇಲೆ ಬಿದ್ದವನ ಎಲುಬು ಉಳಿಯುವುದಿಲ್ಲ ಎಂಬುದು ಇನ್ನೊಂದು. ಮುಂಜಾನೆ ಹನುಮಪ್ಪನಿಗೆ ದೀಪ, ಗುರುವಾರ ಪೀರನಿಗೆ ಲೋಬಾನದ ಧೂಪ, ಉಳಿದ ಹೊತ್ತೆಲ್ಲ ಮಣ್ಣಿನ ಸೇವೆ, ಇಷ್ಟೇ ವಸ್ತಾದರ ಸಂಸಾರ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಲಗುವುದನ್ನೂ ಬಿಟ್ಟು ಗರಡಿಯ ಕಟ್ಟೆಯ ಮೇಲೆಯೇ ಇರುತ್ತಿದ್ದರು.

ಈ ಗರಡಿಗೇ ಆಗ ಮರಣಕಾಲ ಬಂದಿತ್ತು. ಜಾಗ ಚನಬಸಪ್ಪ ಶೆಟ್ಟರದು. ಅವರ ತಂದೆಯ ಕಾಲದಿಂದ ಗರಡಿಗೆ ಬಿಟ್ಟುಕೊಟ್ಟದ್ದು. ಈಗ ಅರಳೆ ವ್ಯಾಪಾರ ಬೆಳೆದು, ಮೂಟೆ ಕಟ್ಟಿದ ಅಂಡಿಗೆಗಳು ಪಡಸಾಲೆ ತುಂಬಿ, ದೇವರ ಮನೆಯ ಹೊಸ್ತಿಲವರೆಗೆ ಬಂದಿದ್ದವು. ಬಾಗಿಲು ಒಡೆದು ಅಗಲ ಮಾಡಿ ಅಲ್ಲಿ ಅರಳೆ ಒಟ್ಟುವುದೆಂದು ಶೆಟ್ಟರು ನಿಶ್ಚಯಿಸಿ, ಗೋಡೆ ಕಟ್ಟುವ ಗೌಂಡಿಗೂ ಹೇಳಿಯಾಗಿತ್ತು. “ನಾಲ್ಕು ಮಂದಿ ಪೈಲವಾನರ ಸಲುವಾಗಿ ಅಷ್ಟು ದೊಡ್ಡ ಜಾಗಾ ಯಾತಕ್ಕೋ ವಸ್ತಾದ? ಊರ ಮಂದಿಗೆ ಅದರಿಂದ ಏನು ಉಪೇಗ?” ಎಂದು ಅವರು ಕೇಳಿದ್ದರು. ಅಂದಿನಿಂದ ಆ ಮುದುಕ ಮಣ್ಣನ್ನು ಮಗುವಿನ ತಲೆ ನೇವರಿಸಿದಂತೆ ನೇವರಿಸುತ್ತ ಕೂತಿರುತ್ತಿದ್ದರು. ಅವರ ನಕಲನ್ನು ಮಾತ್ರ ನಾನು ಆ ದಿನಗಳಲ್ಲಿ ಮಾಡಲಿಲ್ಲ.

ಮಾಸ್ತರರ ಬುದ್ಧಿ ಇಲ್ಲಿ ಮಿಂಚಿತು. ಊರ ಮಂದಿಗೆ ಉಪಯೋಗವಿಲ್ಲವೆಂದಲ್ಲವೆ ಶೆಟ್ಟರ ತಕರಾರು? ಹಾಗಾದರೆ ಊರ ಮಂದಿಯನ್ನೇ ಗರಡಿಗೆ ತರೋಣ. ಅಂಗಡಿಕಾರರು, ಕುಲಕರ್ಣಿ, ಗುಮಾಸ್ತರು, ಎಲ್ಲರಿಗೂ ದಿನಾ ಬೆಳಿಗ್ಗೆ ಅಂಗಸಾಧನೆ. ಪ್ರಥಮ ಪ್ರವೇಶದ ಮಾನ ಜಾಗದ ಧಣಿಗಳಾದ ಶೆಟ್ಟರಿಗೇ. ಹಲಗೆ ಬಾರಿಸುತ್ತ ಮೆರೆಸಿಕೊಂಡು ಬರೋಣ, ಅವರು ಹನುಮಪ್ಪನಿಗೆ ಕಾಯಿ ಒಡೆಯಲಿ. ತಾವೇ ಕಾಯಿ ಒಡೆದ ಗರಡಿಯನ್ನು ಯಾವ ಬಾಯಿಂದ ಮುಚ್ಚಿಸುತ್ತಾರೆ? ನಾವು ಇದನ್ನು ಒಂದು ವಾರ ಚರ್ಚಿಸಿದೆವು. ತೋರಣ ಎಲ್ಲಿ, ಹಲಗೆಯವರು ಎಲ್ಲಿ ನಿಲ್ಲಬೇಕು, ಎಲ್ಲವೂ ನಿಷ್ಕರ್ಷೆಯಾಯಿತು. ಮಾನದಿಂದ ಉಬ್ಬಿ ಶೆಟ್ಟರೂ ಒಪ್ಪಿದರು. ಆ ಬಾಗಿಲು ಎಷ್ಟು ಗಿಡ್ಡದು, ಶೆಟ್ಟರು ಎಷ್ಟು ದೊಡ್ಡವರು ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಹುಡುಗತನದಿಂದ ಇಲಿಗಳ ಹಾಗೆ ಅದರೊಳಗೆ ನುಗ್ಗಿ ಹೊರಟವರಿಗೆ ಅದು ಎಂದೂ ಬಾಗಿಲಾಗಿ ಕಂಡೇ ಇರಲಿಲ್ಲ.

ಆ ದಿನ ಬೆಳಿಗ್ಗೆ ಶೆಟ್ಟರು ಜರಿಯ ರುಮಾಲು ಸುತ್ತಿ, ಕೈಯಲ್ಲಿ ಕಾಯಿ ಹಿಡಿದು, ಹಲಗೆಯ ಸದ್ದಿಗೆ ಸರಿಯಾಗಿ ಹೊಟ್ಟೆಯನ್ನು ಒಯ್ಯುತ್ತ ಬಂದರು. ಗರಡಿಯೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಆದ್ದರಿಂದ ಅವರೆಲ್ಲ ಗೌರತ್ತೆಯ ಮುಂದಾಳುತನದಲ್ಲಿ ಗರಡಿಯ ಮಾಳಿಗೆಯನ್ನೇ ಏರಿ ಬೆಳಕಿಂಡಿಯ ಸುತ್ತ ಕೂತಿದ್ದರು. ಶೆಟ್ಟರು ಬಾಗಿಲ ಮುಂದೆ ನಿಂತು ಅದನ್ನು ನೋಡಿದರು. ಬಾಗಿಲೂ ಅವರನ್ನು ನೋಡಿತು. ಕಾಯಿ ಹಿಡಿದು ಬಂದವನು ದೇವರ ಬಾಗಿಲಿನಿಂದ ಹಿಂದೆ ಸರಿದರೆ ಅಪಶಕುನ, ಅದೂ ಹಲಗೆ ಬಾರಿಸುತ್ತಿರುವಾಗ. ‘ಹರಹರಾ’ ಎಂದವರೇ ತಲೆ ತಗ್ಗಿಸಿ ನುಗ್ಗಿದರು. ತಲೆ ಹೋಯಿತು, ರುಮಾಲು ಬಿತ್ತು, ಭುಜಗಳು ಹೋದವು, ಮತ್ತು ಅಲ್ಲಿಗೆ ಎಲ್ಲವೂ ನಿಂತಿತು.

ಮಾಳಿಗೆಯ ಮೇಲಿನಿಂದ ಗೌರತ್ತೆ ಹೊರಗಿದ್ದವರಿಗೆ ಒಳಗಿನ ಸಮಾಚಾರ ಕೂಗತೊಡಗಿದಳು. “ತಲಿ ಬಂದೈತಿ! ಮೋತಿ ಬಂದೈತಿ! ಕೈ ಬಂದಾವು! ಕಾಯಿನೂ ಬಂದೈತಿ! ಶೆಟ್ಟರು ಬಂದಿಲ್ಲ!”

“ಹೊರಗೂ ಇಲ್ಲಬೇ ಅತ್ತಿ!” ಎಂದು ನಾನು ಕೂಗಿದೆ. “ಇಲ್ಲಿ ಬರೇ ಕಾಲು ಅದಾವು!”

“ಹಂಗಾರ ನಡುವಿನ ಶೆಟ್ಟರು ಎಲ್ಲಿ ಹ್ವಾದ್ರೋ?”

ಇಬ್ಬರು ಹೊರಗಿನಿಂದ ನೂಕಿದರು, ಇಬ್ಬರು ಪೈಲವಾನರು ಒಳಗಿನಿಂದ ಎಳೆದರು. ಶೆಟ್ಟರು ಮೊದಲು ಶಿವನನ್ನೂ, ಆಮೇಲೆ ಬಸವಣ್ಣನನ್ನೂ, ಕೊನೆಗೆ ಮಾಸ್ತರರ ಹಿರಿಯರನ್ನೂ ಸ್ಮರಿಸಿದರು. ಜನಜಂಗುಳಿಯಲ್ಲಿ ಯಾರೋ ಗೌಂಡಿಯನ್ನು ಕರೆತಂದರು. ಅವನು ಹಾರೆ ಸಮೇತನಾಗಿಯೇ ಬಂದ. ಹೇಗೂ ಒಡೆಯಬೇಕೆಂದು ಅವನಿಗೆ ಮೊದಲೇ ಹುಕುಮಾಗಿತ್ತಲ್ಲ. “ಸರೀರ್ಯೋ, ಕಣ್ಣ ಮುಚ್ಚಿ ತಗಿಯೂದರೊಳಗ ಒಡೀತೇನಿ” ಎಂದು ಅಂಗೈಗೆ ಉಗುಳಿಕೊಂಡ.

ಶೆಟ್ಟರ ನಡುವಿನ ಮೇಲೆ ಬಾಗಿಲಿನ ಮೂಲೆಯಲ್ಲಿ ಉಳಿದ ಸಂದಿನಿಂದ ನಾನು ಒಳಗೆ ಇಣುಕಿದೆ. ಸಿಕ್ಕಿಬಿದ್ದ ಮನುಷ್ಯನಿಗಿಂತ ಬಾಗಿಲು ದೊಡ್ಡದೆಂದು ವಸ್ತಾದರು ಯಾವ ಬಾಯಿಂದ ಹೇಳಬೇಕು? ಹನುಮಪ್ಪನ ದೀಪ ಗಾಳಿಗೆ ಆರದಿರಲೆಂದು ಅದನ್ನು ಎತ್ತಿಕೊಂಡು ಗೋಡೆಯತ್ತ ತಿರುಗಿ ನಿಂತರು, ಅಷ್ಟೇ.

ಆಗ ಬಾಗಿಲಿನೊಳಗಿಂದ ಶೆಟ್ಟರ ಧ್ವನಿ ಕೇಳಿಸಿತು: “ಏ ಗೌಂಡಿ, ಹಾರಿ ಕೆಳಗಿಡು! ಹೊರಗ ಆ ನಕಲಿ ರಾಚ್ಯಾ ಅದಾನೇನು?”

“ಇಲ್ಲೇ ಅದೇನ್ರಿ, ಸಾವಕಾರ್ರ” ಎಂದೆ.

“ನೋಡಿದ್ಯಾ! ನನ್ನ ಹೊಟ್ಟಿ ಸಲುವಾಗಿ ಗರಡಿ ಬಾಗಲಾ ಒಡದ್ರು ಅಂತ ಈ ಭಾಡ್ಯಾ ರಾಮದುರ್ಗತನಕಾ ಮಾಡಿ ತೋರಸ್ತಾನ. ನನ್ನ ಮೊಮ್ಮಕ್ಕಳ ಮದುವ್ಯಾಗೂ ಮಾಡ್ತಾನ. ಒಡೀಬ್ಯಾಡ್ರಿ! ವಸ್ತಾದ, ನೀನ ಏನರ ಮಾಡೋ!”

ವಸ್ತಾದರು ದೀಪ ಕೆಳಗಿಟ್ಟರು. ಶೆಟ್ಟರ ಮುಖದ ಮುಂದೆ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹೊಸ ಹುಡುಗನಿಗೆ ಹೇಳುವ ದನಿಯಲ್ಲಿಯೇ ಹೇಳಿದರು: “ಸಾವಕಾರ್ರ, ನೀವು ಉಸರು ಹಿಡದೀರಿ. ಅಂಜಿದಾಂವಾ ಉಸರು ಹಿಡೀತಾನ, ಉಸರು ಹಿಡದಾಂವಾ ಉಬ್ಬತಾನ. ಬಿಡ್ರಿ. ಪೂರಾ ಬಿಡ್ರಿ. ಎಡಾ ಹೆಗಲ ಮುಂದ. ಮತ್ತ ಬಿಡ್ರಿ.” ವ್ಯಾಪಾರದ ಗಾದಿ ಏರಿದಂದಿನಿಂದ ಬಹುಶಃ ಮೊದಲ ಬಾರಿಗೆ ಶೆಟ್ಟರು ಪೂರ್ತಿ ಉಸಿರು ಬಿಟ್ಟರು. ಮಾಳಿಗೆಯ ಮೇಲೆ ಹೆಂಗಸರು ಕೂಡ ಯಾಕೋ ಉಸಿರು ಬಿಟ್ಟರು. ಅಂಗುಲ ಅಂಗುಲವಾಗಿ ಶೆಟ್ಟರು ಒಳಗೆ ಹೋದರು, ಕಾಯಿ ಒಡೆದರು, ತಿರುಗಿ ನೋಡಿದರೆ ಹೊರಗೆ ಬರಲು ಮತ್ತೆ ಅದೇ ಬಾಗಿಲು. ಗರಡಿಯಲ್ಲಿದ್ದ ಎಣ್ಣೆಯೆಲ್ಲ ಖರ್ಚಾದ ಮೇಲೆ ಅವರ ಪುನರ್ಜನ್ಮವಾಯಿತು. ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು ಊರೆಲ್ಲ ಕೇಳುವಂತೆ ಹೇಳಿದರು:

“ಎಣ್ಣಿ ಇಲ್ಲದ, ಯಾರೂ ಎಳೀದ, ನೂಕದ, ನಾ ಈ ಬಾಗಲದಾಗ ಒಳಗ ಹೋಗಿ ಹೊರಗ ಬರೂತನಕಾ ಇದಕ್ಕ ಯಾರೂ ಹಾರಿ ಹಚ್ಚಂಗಿಲ್ಲ. ಬಂದ ದಿನಾ ನಾನ ಒಡಸ್ತೇನಿ. ಆವತ್ತ ಒಡದ್ರ ನನ್ನ ಹೊಟ್ಟಿ ಸಲುವಾಗಿ ಒಡದ್ರು ಅಂತ ಯಾವ ಮಗನೂ ಅನ್ನಂಗಿಲ್ಲ. ವಸ್ತಾದ, ನಾಳಿಂದ ನನಗ ಕಲಸು.”

ಓದುಗರೇ, ಈ ಮಾತಿನ ತಿರುಳನ್ನು ಗಮನಿಸಬೇಕು. ವಸ್ತಾದರು ಚೆನ್ನಾಗಿ ಕಲಿಸಿದಷ್ಟೂ ಅವರ ಗರಡಿಗೆ ಬೇಗ ಸಾವು. ಕೆಟ್ಟದಾಗಿ ಕಲಿಸಿದರೆ ಗರಡಿ ಚಿರಂಜೀವಿ. ತನ್ನ ಮನೆಯ ಕದ ಕೀಳುವವನ ಕೈಗೆ ತಾನೇ ಬಲ ತುಂಬಬೇಕಾದ ಇಂಥ ಗುರುವನ್ನು ಯಾವ ಪುರಾಣದಲ್ಲಿಯೂ ನಾನು ಕೇಳಿಲ್ಲ. ನಾವೆಲ್ಲ ಒಳಗೊಳಗೇ ಹಿಗ್ಗಿದೆವು. ಮುದುಕ ನಾಲ್ಕು ದಿನ ಕೈ ಮೇಲೆತ್ತಿಸಿ ಕೆಳಗಿಳಿಸಿದರಾಯಿತು, ಶೆಟ್ಟರ ಹೊಟ್ಟೆ ಇರುವಲ್ಲಿಯೇ ಇರುತ್ತದೆ ಎಂದು ನಮ್ಮ ಲೆಕ್ಕ.

ಮರುದಿನ ವಸ್ತಾದರು ಗಿಡ್ಡ ಬಾಗಿಲಿನಿಂದ ಹೊರಗೆ ಬಂದು ಅಂಗಳದ ಬೇವಿನ ಮರದ ಕೆಳಗೆ ನಿಂತರು. ಒಳಗೆ ಬರಲಾರದವರಿಗೆ ಹೊರಗೇ ಕಲಿಸುವುದೆಂದು ಅವರ ನಿರ್ಧಾರ. ಅವರ ಆಯುಷ್ಯದಲ್ಲಿ ಮಣ್ಣಿನ ಹೊರಗೆ ವಿದ್ಯೆ ಹೇಳಿದ್ದು ಅದೇ ಮೊದಲು. ಆದರೆ ಶೆಟ್ಟರಿಗೆ ದಂಡ ಹೊಡೆಯಲು ಬಾರದು, ಹೊಟ್ಟೆ ಮೊದಲೇ ನೆಲ ಮುಟ್ಟುತ್ತದೆ. ಬಸ್ಕಿಯಲ್ಲಿ ಕೂತರೆ ಏಳರು. ವಸ್ತಾದರು ಗಡ್ಡ ನೇವರಿಸುತ್ತ ಯೋಚಿಸುತ್ತಿದ್ದಾಗ, ಎದುರಿನ ನಮ್ಮ ಮನೆಯ ಪಡಸಾಲೆಯಲ್ಲಿ ಜೋಳ ಬೀಸುತ್ತಿದ್ದ ಗೌರತ್ತೆ ಕೈ ನಿಲ್ಲಿಸದೆ ಕೂಗಿದಳು: “ವಸ್ತಾದಪ್ಪಾ, ಅವರಿಗೆ ಬೀಸೂ ಕಲ್ಲು ಕೊಡು. ನಡಾ ತಿರಗತೈತಿ, ರಟ್ಟಿ ಆಡತೈತಿ, ಮ್ಯಾಲ ಹಿಟ್ಟೂ ಬೀಳತೈತಿ. ನಿಮ್ಮ ದಂಡದಾಗ ಏನು ಬೀಳತೈತಿ? ಬರೇ ಬೆವರು!”

ಊರು ನಕ್ಕಿತು. ವಸ್ತಾದರು ನಗಲಿಲ್ಲ. ಹೋಗಿ ಅವಳ ಬೀಸುವ ಕಲ್ಲನ್ನೇ ಎತ್ತಿ ತಂದು ಬೇವಿನ ನೆರಳಲ್ಲಿಟ್ಟರು.

ಬೈಲಹೊಂಗಲದ ಸಾವಕಾರರು ಹೆಂಗಸರ ಹಾಗೆ ಕಾಲು ಚಾಚಿ ಕೂತು ಜೋಳ ಬೀಸಿದ ವಾರ್ತೆ ಟಾಂಗಾದ ಮೇಲೆ ಕೂತು ಕಿತ್ತೂರು ಮುಟ್ಟಿತು, ಗುಡ್ಡ ಹತ್ತಿ ಸವದತ್ತಿ ಮುಟ್ಟಿತು. ಶೆಟ್ಟರು ಬೀಸಿದ ಮೇಲೆ ಉಳಿದವರಿಗೆ ನಾಚಿಕೆ ಯಾತರದು? ಕುಲಕರ್ಣಿಯವರು ಕೆಮ್ಮುತ್ತ ಬಂದರು. ಬಂದವರ ಕೈಯಲ್ಲಿ ಅವರವರ ಹೆಂಡಂದಿರು ಜೋಳದ ಬುಟ್ಟಿ ಕೊಟ್ಟು ಕಳಿಸತೊಡಗಿದರು. “ಹೆಂಗೂ ಹೊಂಟೀರಿ” ಎಂಬುದು ಅವರ ವಾದ. ಕೆಲವೇ ದಿನಗಳಲ್ಲಿ ಬೇವಿನ ಮರದ ಕೆಳಗೆ ಬೀಸುವ ಕಲ್ಲುಗಳ ಸಾಲೇ ನಿಂತು, ಊರಿನ ಗಣ್ಯರೆಲ್ಲ ಹಿಟ್ಟಿನಲ್ಲಿ ಮುಳುಗಿ ಬೂದಿಬಡುಕ ಸನ್ಯಾಸಿಗಳಂತೆ ತೋರಿದರು. ನನ್ನನ್ನೂ ಕೂರಿಸಿದರು. ನಾನು ಕಲ್ಲನ್ನು ತಿರುಗಿಸಿದೆನೋ ಕಲ್ಲು ನನ್ನನ್ನು ತಿರುಗಿಸಿತೋ ಎಂಬ ವಿಷಯದಲ್ಲಿ ನೋಡಿದವರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಇದು ಪುಣೆಯ ಪದ್ಧತಿಯಲ್ಲವೆಂದು ಮಾಸ್ತರರು ಮೊದಮೊದಲು ಗೊಣಗಿದರು. ಆಮೇಲೆ ಅವರ ಹೆಂಡತಿ ಗೋಧಿ ಕೊಟ್ಟು ಕಳಿಸಿದಳು.

ಎದುರು ಕಟ್ಟೆಯ ಮೇಲೆ ಗೌರತ್ತೆ ಮುಂಜಾನೆ ಕೈ ಖಾಲಿ ಬಿಟ್ಟುಕೊಂಡು ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಏನು ಮಾಡಬೇಕೆಂದು ತಿಳಿಯದೆ ಅವಳು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನಮ್ಮ ಸೀಮೆಯಲ್ಲಿ ಶ್ರಮಕ್ಕೆ ಬರವೆಂಬುದು ಎಂದೂ ಇರಲಿಲ್ಲ ಎಂದು ನನಗೆ ಆಗ ತೋರಿತು. ಶ್ರಮವೆಲ್ಲ ಒಂದು ಮಗ್ಗುಲಿಗೆ, ಹೊಟ್ಟೆಯೆಲ್ಲ ಇನ್ನೊಂದು ಮಗ್ಗುಲಿಗೆ ಜಾರಿ, ಚಕ್ಕಡಿ ವಾಲಿತ್ತು, ಅಷ್ಟೇ. ಇಂಥ ಘನವಾದ ವಿಚಾರ ನನಗೆ ಬಂದದ್ದಕ್ಕೆ ನಾನೇ ಗಾಬರಿಯಾಗಿ ಎದ್ದು ನೀರು ಕುಡಿದು ಬಂದೆ.

ಇತ್ತ ನಮ್ಮ ಲೆಕ್ಕ ತಪ್ಪುತ್ತಿತ್ತು. ಶೆಟ್ಟರ ಎರಡು ಶಿವರ ನಡುವಿನ ದಾರಿ ದಿನೇ ದಿನೇ ಮೊಟಕಾಗುತ್ತ ಬಂತು. ಒಂದು ಬೆಳಿಗ್ಗೆ ಅವರು ಆಳುಗಳ ಕೈ ಕೊಡವಿ, ಒಂದೇ ಶಿವನಲ್ಲಿ ಎದ್ದುಬಿಟ್ಟರು. ಪೈಲವಾನರು ಕಂಗಾಲಾದರು. ಗುಟ್ಟಾಗಿ ಒಂದು ಸಭೆ ಸೇರಿ, ಗರಡಿಯನ್ನು ಉಳಿಸಬೇಕಾದರೆ ಶೆಟ್ಟರ ಹೊಟ್ಟೆಯನ್ನು ಉಳಿಸಬೇಕೆಂದು ತೀರ್ಮಾನಿಸಿದೆವು. ಮರುದಿನದಿಂದ ಶೆಟ್ಟರ ಅಂಗಡಿಗೆ ಹೋಳಿಗೆ, ತುಪ್ಪ, ಗೋಕಾಕದ ಕರದಂಟು, ಬೆಳಗಾವಿಯ ಕುಂದಾ, ಹೀಗೆ ನಾನಾ ನೈವೇದ್ಯಗಳು ನಾನಾ ನೆಪಗಳಲ್ಲಿ ಬರತೊಡಗಿದವು. ಒಯ್ಯುವ ಕೆಲಸ ನನ್ನದು. ಒಯ್ಯುವ ದಾರಿಯಲ್ಲಿ ಕರದಂಟಿನ ತೂಕ ಸ್ವಲ್ಪ ಕಡಿಮೆಯಾಗುತ್ತಿತ್ತೆಂಬುದು ಬೇರೆ ಮಾತು. ಶೆಟ್ಟರು ಪ್ರಸನ್ನರಾಗಿ ಎಲ್ಲವನ್ನೂ ತಿಂದರು, ಬೆಳಿಗ್ಗೆ ಎದ್ದು ಎಲ್ಲವನ್ನೂ ಬೀಸಿ ತೀರಿಸಿದರು.

ವಸ್ತಾದರಿಗೆ ಇದರ ವಾಸನೆ ಹತ್ತಿತು. ಹೋಳಿಗೆಯ ಬುಟ್ಟಿ ಸಮೇತ ನನ್ನನ್ನು ಹಿಡಿದು ಬೇವಿನ ಕೆಳಗೆ ನಿಲ್ಲಿಸಿ, ಪೈಲವಾನರನ್ನೆಲ್ಲ ಕರೆದರು. ಬೈಯುತ್ತಾರೆಂದುಕೊಂಡಿದ್ದೆವು, ದನಿ ಏರಲೇ ಇಲ್ಲ.

“ಗರಡಿ ಉಳೀಲಿ ಅಂತ ಮಾಡೀರಿ. ಗೊತ್ತೈತಿ. ನನಗೂ ರಾತ್ರಿ ನಿದ್ದಿ ಬರವಲ್ದು. ಆದ್ರ ಕೈಯಾಗ ಬಂದ ಶಿಷ್ಯಾನ ಕೆಡಿಸಿ ಗರಡಿ ಉಳಿಸಿಕೊಂಡ್ರ, ಆ ಗರಡ್ಯಾಗ ಮುಂದ ಏನಂತ ಕಲಸ್ಲಿ? ತಗೊಂಡು ಹೋಗೋ ರಾಚಪ್ಪಾ, ಹುಡುಗರಿಗೆ ಹಂಚು.”

ನನ್ನನ್ನು ರಾಚಪ್ಪನೆಂದು ಪೂರ್ತಿ ಹೆಸರಿನಿಂದ ಅವರೊಬ್ಬರೇ ಕರೆಯುತ್ತಿದ್ದರು. ಆ ಹೋಳಿಗೆ ಹುಡುಗರಿಗೇ ಹೋಯಿತು. ನಾನು ಒಂದನ್ನೂ ಮುಟ್ಟಲಿಲ್ಲ. ಅಥವಾ ಒಂದನ್ನೇ ಮುಟ್ಟಿದೆ.

ದೀಪಾವಳಿ ದಾಟಿ ಹೊಸ ಅರಳೆ ಬರುವ ಹೊತ್ತಾಯಿತು. ಒಂದು ಬೆಳಿಗ್ಗೆ ಶೆಟ್ಟರು ಬೀಸುವುದನ್ನು ಮುಗಿಸಿ ಹಿಟ್ಟು ಕೊಡವಿಕೊಂಡು, “ನಾಳೆ ಗೌಂಡಿ ಬರಲಿ” ಎಂದರು. ಆಡಿದ ಮಾತಿಗೆ ತಪ್ಪದವರೆಂದು ಪೇಟೆಯಲ್ಲಿ ಹೆಸರಾದವರು ಅವರು. ವಸ್ತಾದರು ತಲೆಯಾಡಿಸಿ, “ಹೌದ್ರಿ ಸಾವಕಾರ್ರ, ನೀವು ಈಗ ಬರತೀರಿ” ಎಂದರು. ಆ ದನಿಯಲ್ಲಿ ನೋವಿತ್ತು. ಅದಕ್ಕಿಂತ ಒಂದು ಗುಂಜಿ ಹೆಚ್ಚಾಗಿ, ಶಿಷ್ಯನನ್ನು ತಯಾರು ಮಾಡಿದ ಗುರುವಿನ ಹೆಮ್ಮೆಯಿತ್ತು.

ಮರುದಿನ ಹಲಗೆಯಿರಲಿಲ್ಲ, ತೋರಣವಿರಲಿಲ್ಲ. ಊರು ಮಾತ್ರ ಇತ್ತು. ಮಾಳಿಗೆಯ ಮೇಲೆ ಹೆಂಗಸರು, ಬಾಗಿಲ ಪಕ್ಕದಲ್ಲಿ ಹಾರೆಯ ಮೇಲೆ ಕೈಯೂರಿದ ಗೌಂಡಿ. ವಸ್ತಾದರು ಒಳಗೆ ಹನುಮಪ್ಪನ ಗೂಡಿನ ಮುಂದೆ ಕೂತು ಒಂದು ಹಿಡಿ ಮಣ್ಣನ್ನು ರುಮಾಲಿನ ಸೆರಗಿನಲ್ಲಿ ಗಂಟು ಕಟ್ಟಿಕೊಳ್ಳುತ್ತಿದ್ದಾರೆಂದು ಗೌರತ್ತೆ ಮೇಲಿನಿಂದ ಹೇಳಿದಳು. ಈ ಸಲ ಕೂಗಿ ಹೇಳಲಿಲ್ಲ. ಶೆಟ್ಟರು ಬಂದರು. ನಡು ಮಡಚಿ, ಭುಜ ಓರೆ ಮಾಡಿ, ಸೂಜಿಯ ಕಣ್ಣಿಗೆ ಪಳಗಿದ ಕೈ ನೂಲು ಪೋಣಿಸಿದ ಹಾಗೆ ಸರ್ರನೆ ಒಳಗೆ ಹೋಗಿಬಿಟ್ಟರು. ಅಂಗಿಯ ಅಂಚು ಕೂಡ ಗೋಡೆಗೆ ತಾಗಲಿಲ್ಲ. ಒಳಗೆ ಅವರು ಆ ಗಂಟನ್ನು ಎಷ್ಟು ಹೊತ್ತು ನೋಡಿದರೋ ತಿಳಿಯದು, ಸ್ವಲ್ಪ ತಡವಾಯಿತು. ಆಮೇಲೆ ಬಾಗಿಲಲ್ಲಿ ತಲೆ ಕಾಣಿಸಿತು. ಭುಜಗಳು ಬಂದವು. ಎದೆ ಬಂತು.

ಮತ್ತು ಅಲ್ಲಿಗೆ ನಿಂತಿತು.

“ಅಯ್ಯಯ್ಯೋ! ಸಿಕ್ಕೊಂಡ್ನೆಪಾ!” ಎಂದರು ಶೆಟ್ಟರು.

ನಾನು ಹತ್ತಿರವೇ ನಿಂತಿದ್ದೆ. ಶೆಟ್ಟರ ಹೊಟ್ಟೆಗೂ ಬಾಗಿಲಿನ ಗೋಡೆಗೂ ನಡುವೆ ಒಂದು ಬೆಕ್ಕು ಬಾಲ ಎತ್ತಿಕೊಂಡು ದಾಟಿ ಹೋಗುವಷ್ಟು ಜಾಗವಿತ್ತು. ಆದರೆ ಕೆನ್ನೆ ಉಬ್ಬಿ ಮುಖ ಕೆಂಪಾಗಿದೆ, ಕಣ್ಣು ಹೊರಗೆ ಬಂದಿವೆ, ಕೈ ನೆಲ ಬಡಿಯುತ್ತಿದೆ, ಶಿವನಾಯಿತು, ಬಸವಣ್ಣನಾಯಿತು, ಮಾಸ್ತರರ ಹಿರಿಯರ ಸ್ಮರಣೆಯೂ ಕ್ರಮ ತಪ್ಪದೆ ಆಯಿತು. ಇದೇ ಪ್ರಸಂಗವನ್ನು ನಾನು ನಾಲ್ಕೂರುಗಳಲ್ಲಿ ಮಾಡಿ ತೋರಿಸಿ ಶಾಬಾಸು ಪಡೆದಿದ್ದೆನಲ್ಲ. ಅಂದು ಆ ಬಾಗಿಲಲ್ಲಿ ನಡೆದ ನಕಲಿನ ಮುಂದೆ ನನ್ನದೆಲ್ಲ ಸಾಲೆಯ ಹುಡುಗರ ಪಾಠ ಒಪ್ಪಿಸುವಿಕೆ. ಸುತ್ತಲಿನ ಜನ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ, ನೋಡಿದರೆ ನಕ್ಕುಬಿಡುತ್ತೇವೆಂದು ಎಲ್ಲರಿಗೂ ಗೊತ್ತಿತ್ತು. ಮಾಸ್ತರರು ಮರದ ಕಡೆ ತಿರುಗಿ ಬೇವಿನ ಎಲೆಗಳನ್ನು ಪರೀಕ್ಷಿಸತೊಡಗಿದರು.

ನಂಬಿದವರು ಇಬ್ಬರೇ. ಒಬ್ಬ ಗೌಂಡಿ. “ಒಡೀಲೇನ್ರಿ, ಸಾವಕಾರ್ರ?” ಎಂದು ಹಾರೆ ಎತ್ತಿದ.

“ಏ ಹುಚ್ಚಾ! ನಾ ಹೊರಗ ಬಂದಮ್ಯಾಲ ಒಡಿಯೂದು ಅಂತ ಮಾತಾಗೈತಿ. ನಾ ಎಲ್ಲಿ ಬಂದೇನಿ? ಮನೀಗೆ ಹೋಗು. ನೀ ಹಿಂಗ ಬಾಯಿ ತಕ್ಕೊಂಡು ನಿಂತ್ರ ನಾ ಎಂದೂ ಬರೂದಿಲ್ಲ.”

ಇನ್ನೊಬ್ಬರು ವಸ್ತಾದರು. ಒಳಗಿನ ಕತ್ತಲಿನಿಂದ ಅವರಿಗೆ ಕಾಣುತ್ತಿದ್ದದ್ದು ಶೆಟ್ಟರ ಕಾಲುಗಳಷ್ಟೆ. ಗರಡಿಯ ಚಿಂತೆ, ರುಮಾಲಿನ ಗಂಟು, ಎಲ್ಲವನ್ನೂ ಮರೆತು, ತನ್ನ ಶಿಷ್ಯ ಕೊನೆಯ ಗಳಿಗೆಯಲ್ಲಿ ಕಲಿತದ್ದನ್ನು ಮರೆತನಲ್ಲಾ ಎಂಬ ಸಂಕಟದಿಂದ ಆ ಮುದುಕ ಕೂಗುತ್ತಿದ್ದರು: “ಸಾವಕಾರ್ರ, ಉಸರು ಹಿಡದೀರಿ! ಬಿಡ್ರಿ! ಬಿಟ್ರ ಬಂದಬಿಡ್ತೀರಿ!”

ಶೆಟ್ಟರು ಒಂದಿಷ್ಟು ಉಸಿರು ಬಿಟ್ಟು, ಹಿಂದಕ್ಕೆ ಕತ್ತು ತಿರುಗಿಸಿ, “ಬಿಡಂಗಿಲ್ಲ ಹೋಗೋ ವಸ್ತಾದ! ಆ ಗೌಂಡಿ ಹೋಗೂತನಕಾ ಬಿಡಂಗಿಲ್ಲ!” ಎಂದು ಹೇಳಿ, ಹೋದಷ್ಟು ಗಾಳಿಯನ್ನು ಮತ್ತೆ ಒಳಕ್ಕೆಳೆದು ಕೆನ್ನೆ ಉಬ್ಬಿಸಿದರು.

ಒಳಗೆ ವಸ್ತಾದರ ದನಿ ನಿಂತಿತು. ಆಮೇಲೆ ಗೌರತ್ತೆ ಬೆಳಕಿಂಡಿಯಿಂದ ತಲೆಯೆತ್ತಿ, ಕೆಳಗಿದ್ದ ನಮಗೆಲ್ಲ ಸನ್ನೆ ಮಾಡಿ ತೋರಿಸಿದಳು: ವಸ್ತಾದರು ರುಮಾಲಿನ ಗಂಟು ಬಿಚ್ಚಿ ಮಣ್ಣನ್ನು ಮಣ್ಣಿಗೆ ಹಾಕಿದರೆಂದು. ಗೌಂಡಿ ಹಾರೆಯನ್ನು ಹೆಗಲಿಗೇರಿಸಿ, “ಇನ್ನೊಂದು ಸ್ವಲ್ಪ ಸಣ್ಣ ಆಗ್ರಿ, ಸಾವಕಾರ್ರ” ಎಂದು ಕಳಕಳಿಯಿಂದ ಹೇಳಿ ಮನೆಯ ದಾರಿ ಹಿಡಿದ.